ನಿಮ್ ಎಂಬ ಭಾಷೆಯ ಕಂಪೈಲರ್ ಬರೆದುಕೊಡುವ ಸಿ ಕೋಡನ್ನು ತೆರೆದು ನೋಡಿ ಬಳಸುವ ಕ್ರಮ

ಬೆಳಗಾವಿ, ಹುಬ್ಬಳ್ಳಿ, ವಿಜಯಪುರದ ಕಡೆಯಿಂದ ಪುಣೆಗೆ ಬಂದು, ಭೋಸರಿ, ಚಾಕಣದ ಕಾರ್ಖಾನೆಗಳಲ್ಲಿ ಯಂತ್ರಗಳ ಕಂಟ್ರೋಲ್ ಬೋರ್ಡುಗಳಿಗೆ ಪ್ರೋಗ್ರಾಮ್ ಬರೆಯುವ ಕೆಲಸ ಹಿಡಿದ ನಮ್ಮ ಹುಡುಗ ಹುಡುಗಿಯರಿಗೆ ಸಿ ಭಾಷೆಯಿಂದ ಬಿಡುಗಡೆಯಿಲ್ಲ. ಬರೆದ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸಲೆಂದು ಬೋರ್ಡ್ ತಯಾರಿಸಿದವರು ಕೊಡುವ ಕಂಪೈಲರ್‌ಗೆ ಎಷ್ಟೋ ಸಲ ಸಿ ಬಿಟ್ಟು ಬೇರೇನೂ ಅರ್ಥವಾಗುವುದಿಲ್ಲ. ಬರೆಯಲು ಹಗುರವಾದ ಭಾಷೆಯೊಂದರಲ್ಲಿ ಬರೆದು, ಅದನ್ನು ಸಿ ಕೋಡಾಗಿ ಪರಿವರ್ತಿಸಿಕೊಳ್ಳುವುದು ಇದಕ್ಕೆ ಒಂದು ಒಳ್ಳೆಯ ದಾರಿ. ಈ ದಾರಿ ಹೊಸದೇನಲ್ಲ. ಸಿ ಪ್ಲಸ್ ಪ್ಲಸ್ ಭಾಷೆಯ ಮೊದಲ ಕಂಪೈಲರ್ ಆದ ಸಿಫ್ರಂಟ್ ಕೂಡ ಸಿ ಕೋಡನ್ನೇ ಹೊರಹಾಕುತ್ತಿತ್ತು. ಇಲ್ಲಿ ನಾನು ವಿವರಿಸುತ್ತಿರುವುದು ಆಂಡ್ರಿಯಾಸ್ ರುಂಫ್ ರೂಪಿಸಿದ ನಿಮ್ ಭಾಷೆಯ ಕಂಪೈಲರ್ ಅನ್ನು. ಅದರ 1.0 ಆವೃತ್ತಿ 2019ರಲ್ಲಿ, 2.0 ಆವೃತ್ತಿ 2023ರಲ್ಲಿ ಬಂದಿತು. ಅದು ಬರೆದ ಸಿ ಕೋಡನ್ನು ಒಮ್ಮೆಯೂ ತೆರೆದು ನೋಡದೆ ಈ ಉಪಕರಣವನ್ನು ಬಳಸುವವರು ಅದರ ಅರ್ಧ ಪ್ರಯೋಜನವನ್ನು ಕಳೆದುಕೊಳ್ಳುತ್ತಾರೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆಜ್ಞೆಗಳನ್ನು ಮುಂದೆ ಉಚ್ಚಾರಣೆಯಂತೆ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪ್ ಮಾಡಬೇಕು. ಆಜ್ಞೆಯ ಜೊತೆ ಅಡ್ಡಗೆರೆ ಹಾಕಿ ಕೊಡುವ, ಎರಡು ಪದ ಕೂಡಿದ ಸ್ವಿಚ್‌ಗಳಲ್ಲಿ ನಡುವೆ ದೊಡ್ಡಕ್ಷರ ಬಳಸಿದರೂ ಬಳಸದಿದ್ದರೂ ನಿಮ್ ಒಪ್ಪಿಕೊಳ್ಳುತ್ತದೆ.

ಉಬುಂಟುವಿನಲ್ಲಿ "ಸುಡೊ ಆಪ್ಟ್ ಇನ್‌ಸ್ಟಾಲ್ ನಿಮ್" ಎಂದರೆ ಸಾಕು, ಆದರೆ ಹೀಗೆ ಸಿಗುವ ಆವೃತ್ತಿ ಹಳೆಯದಿರಬಹುದಾದ್ದರಿಂದ "ನಿಮ್ --ವರ್ಶನ್" ಕೊಟ್ಟು ನೋಡಿಕೊಳ್ಳಿ. ವಿಂಡೋಸ್‌ನಲ್ಲಿ ನಿಮ್‌ನ ಜಿಪ್ ಕಡತವನ್ನು ಬಿಡಿಸಿ, ಅದರೊಳಗಿನ ಫಿನಿಶ್ ಎಂಬ ಪ್ರೋಗ್ರಾಮನ್ನು ನಡೆಸಿದರೆ ಅದು ಪಾತ್ (ಪ್ರೋಗ್ರಾಮುಗಳನ್ನು ಎಲ್ಲಿ ಹುಡುಕಬೇಕೆಂಬ ಫೋಲ್ಡರ್‌ಗಳ ಪಟ್ಟಿ) ಮತ್ತು ಸಿ ಕಂಪೈಲರ್‌ಗಳ ವ್ಯವಸ್ಥೆ ಮಾಡಿಕೊಡುತ್ತದೆ. ಜಿಸಿಸಿಯಂಥ ಸಿ ಕಂಪೈಲರ್ ಇಲ್ಲದೆ ನಿಮ್ ಕೆಲಸ ಪೂರ್ಣವಾಗುವುದಿಲ್ಲ ಎಂಬುದು ನೆನಪಿರಲಿ.

ಈಗ ನಮಸ್ಕಾರ.ನಿಮ್ ಎಂಬ ಕಡತದಲ್ಲಿ ಈ ನಾಲ್ಕು ಸಾಲುಗಳನ್ನು ಬರೆಯಿರಿ.

ಪ್ರಾಕ್ ಕೂಡು(ಎ, ಬಿ: ಇಂಟ್): ಇಂಟ್ = ಎ + ಬಿ
ವಾರ್ ಮೊದಲು = 18
ಎಕೋ "ನಮಸ್ಕಾರ"
ಎಕೋ ಕೂಡು(ಮೊದಲು, 24)

ಉದ್ಧರಣ ಚಿಹ್ನೆಯ ಒಳಗಿನ ನಮಸ್ಕಾರವನ್ನು ಮಾತ್ರ ಕನ್ನಡದಲ್ಲೇ ಟೈಪ್ ಮಾಡಿ. ಮುಂದೆ ದೊಡ್ಡ ಪ್ರೋಗ್ರಾಮ್ ಬರೆಯುವಾಗ ಸಾಲುಗಳನ್ನು ಒಳಸರಿಸಲು ಸ್ಪೇಸ್ ಬಳಸಬೇಕು. ಟ್ಯಾಬ್ ಅನ್ನು ನಿಮ್ ಒಪ್ಪುವುದಿಲ್ಲ. "ನಿಮ್ ಸಿ -ಆರ್ ನಮಸ್ಕಾರ.ನಿಮ್" ಎಂಬ ಆಜ್ಞೆ ಕೊಟ್ಟರೆ, ಕಂಪೈಲರ್ ಮೊದಲು ಸಿ ಕಡತಗಳನ್ನು ಬರೆಯುತ್ತದೆ, ಬಳಿಕ ಜಿಸಿಸಿಯನ್ನು ಕರೆದು ಅವನ್ನು ಕಂಪೈಲ್ ಮಾಡಿಸುತ್ತದೆ, ಕೊನೆಗೆ ಎಲ್ಲವನ್ನೂ ಲಿಂಕ್ ಮಾಡಿ, ಅಂದರೆ ಒಂದಾಗಿ ಜೋಡಿಸಿ, ಪ್ರೋಗ್ರಾಮನ್ನು ನಡೆಸುತ್ತದೆ. ನಮಸ್ಕಾರ ಮತ್ತು 42 ಎಂಬ ಎರಡು ಸಾಲು ತೆರೆಯ ಮೇಲೆ ಬರುತ್ತವೆ.

ಇಲ್ಲಿಗೆ ನಿಲ್ಲಿಸದೆ, ಸಿ ಕಡತಗಳು ಎಲ್ಲಿ ಹೋದವು ಎಂದು ಹುಡುಕಿ. ಬೇರೆ ಜಾಗ ಸೂಚಿಸದಿದ್ದರೆ ಲಿನಕ್ಸ್‌ನಲ್ಲಿ ಅವು ಹೋಮ್ ಫೋಲ್ಡರ್‌ನ ಅಡಗಿದ ಕ್ಯಾಶ್ ಫೋಲ್ಡರ್ ಒಳಗೆ ಸೇರಿರುತ್ತವೆ. ಅಲ್ಲಿ ತಡಕಾಡುವ ಬದಲು "ನಿಮ್ ಸಿ --ಕಂಪೈಲ್‌ಓನ್ಲಿ --ನಿಮ್‌ಕ್ಯಾಶ್:ಸಿಕೋಡ್ ನಮಸ್ಕಾರ.ನಿಮ್" ಎಂದು ಕೊಡುವುದು ವಾಸಿ, ಆಗ ಸಿಕೋಡ್ ಎಂಬ ಫೋಲ್ಡರ್‌ನಲ್ಲಿ ಕಡತಗಳೆಲ್ಲ ಕಣ್ಣೆದುರಿಗೇ ಇರುತ್ತವೆ ಮತ್ತು ಲಿಂಕ್ ಮಾಡುವ ಹಂತಕ್ಕೆ ಕಂಪೈಲರ್ ಹೋಗುವುದಿಲ್ಲ. ನಿಮ್ಮ ಪ್ರೋಗ್ರಾಮಿನ ಕಡತದ ಹೆಸರು ಅಟ್ ಚಿಹ್ನೆ ಮತ್ತು ಎಂ ಅಕ್ಷರದಿಂದ ಶುರುವಾಗಿ ನಿಮ್.ಸಿ ಎಂದು ಮುಗಿಯುತ್ತದೆ. ಉಳಿದವು ನಿಮ್‌ನ ಸ್ವಂತ ಲೈಬ್ರರಿಯಿಂದ ಬಂದವು.

ಆ ಕಡತದ ಆರಂಭದಲ್ಲೇ ಕಂಪೈಲರ್‌ನ ಆವೃತ್ತಿ, ನಿಮ್_ಇಂಟ್‌ಬಿಟ್ಸ್ ಎಂಬ ಡಿಫೈನ್ (ಪೂರ್ಣಾಂಕಕ್ಕೆ ಎಷ್ಟು ಬಿಟ್ ಎಂಬ ಸೂಚನೆ), ನಿಮ್‌ಬೇಸ್.ಎಚ್ ಎಂಬ ಹೆಡರ್ (ಸಿ ಕೋಡ್ ತನ್ನೊಳಗೆ ಸೇರಿಸಿಕೊಳ್ಳುವ ಘೋಷಣೆಗಳ ಕಡತ) ಕಾಣುತ್ತವೆ. ಸ್ವಲ್ಪ ಕೆಳಗೆ ಹೋಗಿ ನೀವು ಬರೆದ ನಮಸ್ಕಾರವನ್ನು ಹುಡುಕಿದರೆ ಅದು ಸಿಗುವುದಿಲ್ಲ. ಅದರ ಜಾಗದಲ್ಲಿ \340\262\250 ಎಂದು ಆರಂಭವಾಗುವ ಅಂಕೆಗಳ ಉದ್ದನೆಯ ಸಾಲೊಂದು ಇರುತ್ತದೆ. ಆ ಮೂರು ಸಂಖ್ಯೆಗಳ ಗುಂಪೇ "ನ" ಅಕ್ಷರ: ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟ್ ಬೇಕು, ಆ ಬೈಟ್‌ಗಳನ್ನು ನಿಮ್ ಅಷ್ಟಮಾನ ಪದ್ಧತಿಯಲ್ಲಿ ಬರೆಯುತ್ತದೆ, ಹೀಗಾಗಿ ಕನ್ನಡದ ಯಾವ ಅಕ್ಷರವಾದರೂ 340 262 ಅಥವಾ 340 263 ಎಂದೇ ಶುರುವಾಗುತ್ತದೆ. ಪಕ್ಕದಲ್ಲಿ 21+1 ಎಂಬ ಉದ್ದವೂ ಕಾಣುತ್ತದೆ. ನ, ಮ, ಸ, ಹಲಂತ ಚಿಹ್ನೆ (್), ಕ, ದೀರ್ಘ ಚಿಹ್ನೆ, ರ ಎಂಬ ಏಳು ಸಂಕೇತಗಳಿಗೆ 21 ಬೈಟ್, ಕೊನೆಯ ಶೂನ್ಯಕ್ಕೆ ಇನ್ನೊಂದು. ಈ ಪದದ ಉದ್ದವನ್ನು ಲೆನ್ ಎಂದು ಕೇಳಿದರೆ ನಿಮ್ 21 ಎಂದು ಏಕೆ ಹೇಳುತ್ತದೆ, ಏಳು ಎಂಬ ಉತ್ತರಕ್ಕೆ ಯುನಿಕೋಡ್ ಮಾಡ್ಯೂಲ್‌ನ ರೂನ್‌ಲೆನ್ ಏಕೆ ಬೇಕು ಎಂಬುದು ಇಲ್ಲಿ ತಾನಾಗಿ ತಿಳಿಯುತ್ತದೆ. ಬೋರ್ಡಿನ ಪುಟ್ಟ ಡಿಸ್‌ಪ್ಲೇ ಮೇಲೆ ಕನ್ನಡ ತೋರಿಸಬೇಕೆಂದಿರುವವರು ಈ ಲೆಕ್ಕವನ್ನು ಮೊದಲೇ ಮನಗಾಣಬೇಕು.

ಕೂಡು ಎಂಬ ಪ್ರಾಕ್ (ನಿಮ್ ಭಾಷೆಯಲ್ಲಿ ಫಂಕ್ಷನ್‌ಗೆ ಇರುವ ಹೆಸರು) ಅನ್ನೂ ನೋಡಿ. ಅದರ ಹೆಸರಿಗೆ ಅಂಡರ್‌ಸ್ಕೋರ್ ಮತ್ತು ಬಾಲಂಗೋಚಿಗಳು ಸೇರಿರುತ್ತವೆ, ಒಳಗೆ ಬರಿಯ ಕೂಡುವಿಕೆಯಿರದೆ ಮೊತ್ತವು ಪೂರ್ಣಾಂಕದ ಮಿತಿ ಮೀರಿತೇ ಎಂಬ ಪರೀಕ್ಷೆಯೂ ಇರುತ್ತದೆ. "-ಡಿ:ರಿಲೀಸ್" ಕೊಟ್ಟರೆ ಕೋಡ್ ವೇಗವಾಗುತ್ತದೆ, ಈ ಪರೀಕ್ಷೆ ಉಳಿಯುತ್ತದೆ. "-ಡಿ:ಡೇಂಜರ್" ಕೊಟ್ಟರೆ ಪರೀಕ್ಷೆಯೇ ಮಾಯವಾಗುತ್ತದೆ. ಯಂತ್ರ ನಡೆಸುವ ಕೋಡಿಗೆ ಡೇಂಜರ್ ಬಳಸುವುದನ್ನು ನಾನು ಒಪ್ಪುವುದಿಲ್ಲ. ಎಲ್ಲಿಯೂ ಕರೆಯದ ಪ್ರಾಕ್ ಬರೆದಿದ್ದರೆ ಅದು ಸಿ ಕಡತದಲ್ಲಿ ಇರುವುದಿಲ್ಲ, ಏಕೆಂದರೆ ಬಳಕೆಯಾಗದ ಕೋಡನ್ನು ನಿಮ್ ಹೊರಹಾಕುವುದೇ ಇಲ್ಲ.

ದೋಷಗಳು ಬಂದಾಗ ಅವು ಯಾವ ಹಂತದವು ಎಂದು ಗುರುತಿಸುವುದರಲ್ಲೇ ಅರ್ಧ ಕೆಲಸವಿದೆ. ಕಡತದ ಹೆಸರಿನ ಮುಂದೆ ಆವರಣದಲ್ಲಿ ಸಾಲು ಮತ್ತು ಕಾಲಮ್ ಸಂಖ್ಯೆಗಳು ಬಂದು ನಂತರ ಎರರ್ ಎಂದಿದ್ದರೆ ತಪ್ಪು ನಿಮ್ಮ ನಿಮ್ ಕೋಡಿನಲ್ಲಿದೆ, ಸಿ ಕಡೆಗೆ ತಿರುಗಿ ನೋಡುವ ಅಗತ್ಯವಿಲ್ಲ. ಹೊರಗಿನ ಕಂಪೈಲರ್ ಪ್ರೋಗ್ರಾಮ್ ವಿಫಲವಾಯಿತು ಎಂಬ ಸಂದೇಶ ಬಂದರೆ, ನಿಮ್ ತನ್ನ ಕೆಲಸ ಮುಗಿಸಿದೆ, ಜಿಸಿಸಿ ತಕರಾರು ಎತ್ತಿದೆ ಎಂದು ಅರ್ಥ. ಹೊರಗಿನ ಸಿ ಲೈಬ್ರರಿ ಬಳಸಿದ್ದರೆ ಸಾಮಾನ್ಯವಾಗಿ ಅದರ ಹೆಡರ್ ಸಿಕ್ಕಿರುವುದಿಲ್ಲ, ಅದರ ದಾರಿಯನ್ನು "--ಪಾಸ್‌ಸಿ" ಮೂಲಕ ತಿಳಿಸಬೇಕು. ಅನ್‌ಡಿಫೈನ್ಡ್ ರೆಫರೆನ್ಸ್ ಎಂದಿದ್ದರೆ ಅದು ಲಿಂಕರ್‌ನ ದೂರು, ಆಗ ಲೈಬ್ರರಿಯ ಹೆಸರನ್ನು "--ಪಾಸ್‌ಎಲ್" ಮೂಲಕ ಕೊಡಬೇಕು. ನಿಮ್ ಜಿಸಿಸಿಗೆ ಕೊಡುತ್ತಿರುವ ಆಜ್ಞೆಗಳನ್ನು ಪೂರ್ತಿಯಾಗಿ ನೋಡಲು "--ಲಿಸ್ಟ್‌ಸಿಎಂಡಿ" ಇದೆ. ಡಿಬಗರ್‌ನಲ್ಲಿ ಸಿ ಸಾಲುಗಳ ಬದಲು ನಿಮ್ ಸಾಲುಗಳೇ ಕಾಣಬೇಕಾದರೆ "--ಡಿಬಗರ್:ನೇಟಿವ್" ಸೇರಿಸಿ.

ಪುಣೆಯ ಬುಧವಾರ ಪೇಟೆಯ ತಪಕೀರ್ ಗಲ್ಲಿಯಲ್ಲಿ ಕೊಂಡ ರಾಸ್ಪ್‌ಬೆರಿ ಪೈ ಬೋರ್ಡಿಗೆ ಪ್ರೋಗ್ರಾಮ್ ಸಾಗಿಸಬೇಕು ಎನ್ನೋಣ. ಅದರಲ್ಲಿ 32 ಬಿಟ್ ಲಿನಕ್ಸ್ ಇದ್ದರೆ, ಸಿಕೋಡ್ ಫೋಲ್ಡರ್ ಸೂಚಿಸಿದ ಮೇಲಿನ ಆಜ್ಞೆಗೆ "--ಸಿಪಿಯು:ಆರ್ಮ್ --ಓಎಸ್:ಲಿನಕ್ಸ್ --ಜೆನ್‌ಸ್ಕ್ರಿಪ್ಟ್" ಎಂಬ ಮೂರು ಸ್ವಿಚ್ ಸೇರಿಸಿ. ಸಿಕೋಡ್ ಫೋಲ್ಡರ್‌ನಲ್ಲಿ ಕಂಪೈಲ್_ನಮಸ್ಕಾರ.ಎಸ್‌ಎಚ್ ಎಂಬ ಸ್ಕ್ರಿಪ್ಟ್ ಕೂಡ ಸಿದ್ಧವಾಗುತ್ತದೆ. ಫೋಲ್ಡರನ್ನು ಬೋರ್ಡಿಗೆ ನಕಲಿಸಿ ಆ ಸ್ಕ್ರಿಪ್ಟ್ ನಡೆಸಿದರೆ ಅಲ್ಲಿನ ಜಿಸಿಸಿಯೇ ಉಳಿದ ಕೆಲಸ ಮಾಡುತ್ತದೆ. ಬೋರ್ಡಿನ ಮೇಲೆ ನಿಮ್ ಇರಬೇಕಿಲ್ಲ. ನಿಮ್‌ಬೇಸ್.ಎಚ್ ಜೊತೆಗಿದೆಯೇ ಎಂದು ಪರೀಕ್ಷಿಸಿ, ಇಲ್ಲದಿದ್ದರೆ ನಿಮ್ ಸ್ಥಾಪಿಸಿದ ಜಾಗದ ಲಿಬ್ ಫೋಲ್ಡರ್‌ನಿಂದ ನಕಲಿಸಿಕೊಳ್ಳಿ. 64 ಬಿಟ್ ಗಣಕಕ್ಕಾಗಿ ಬರೆಸಿದ ಸಿ ಕೋಡನ್ನು 32 ಬಿಟ್ ಬೋರ್ಡಿಗೆ ಒಯ್ದರೆ ನಡೆಯದು: ನಿಮ್_ಇಂಟ್‌ಬಿಟ್ಸ್‌ನ ಬೆಲೆ ಬೋರ್ಡಿಗೆ ಹೊಂದದಿರುವುದನ್ನು ಆ ಹೆಡರ್ ಪತ್ತೆಹಚ್ಚಿ ಕಂಪೈಲ್ ಆಗುವುದನ್ನೇ ತಡೆಯುತ್ತದೆ. ಹೀಗೆ ತಡೆಯುವುದು ನಮ್ಮ ಒಳ್ಳೆಯದಕ್ಕೇ.

ಬಂದ ಸಿ ಕಡತವನ್ನು ಕೈಯಾರೆ ತಿದ್ದಬೇಡಿ, ಮುಂದಿನ ಸಲ ಕೋಡ್ ಬದಲಿಸಿ ಕಂಪೈಲ್ ಮಾಡಿದಾಗ ನಿಮ್ಮ ತಿದ್ದುಪಡಿ ಅಳಿಸಿಹೋಗುತ್ತದೆ. ಕಾರ್ಖಾನೆಯಲ್ಲಿ ಆಗಲೇ ಓಡುತ್ತಿರುವ ಸಿ ಪ್ರೋಗ್ರಾಮಿಗೆ ನಿಮ್‌ನ ಒಂದೆರಡು ಪ್ರಾಕ್ ಮಾತ್ರ ಸೇರಿಸಬೇಕಿದ್ದರೆ ಅದಕ್ಕೆ ನೇರವಾದ ವ್ಯವಸ್ಥೆಯಿದೆ. ಪ್ರಾಕ್‌ಗೆ ಎಕ್ಸ್‌ಪೋರ್ಟ್‌ಸಿ ಎಂಬ ಪ್ರಾಗ್ಮಾ (ಕೋಡಿನೊಳಗೇ ಕಂಪೈಲರ್‌ಗೆ ಕೊಡುವ ಸೂಚನೆ) ಹಚ್ಚಿದರೆ ಅದರ ಹೆಸರು ಬಾಲಂಗೋಚಿಯಿಲ್ಲದೆ ಹಾಗೇ ಉಳಿಯುತ್ತದೆ, "--ನೋಮೇನ್" ಕೊಟ್ಟರೆ ನಿಮ್ ತನ್ನದೊಂದು ಮೇನ್ ಫಂಕ್ಷನ್ ಬರೆಯುವುದಿಲ್ಲ, "--ಹೆಡರ್" ಕೊಟ್ಟರೆ ಸಿ ಕಡೆಯಿಂದ ಸೇರಿಸಿಕೊಳ್ಳಲು ಹೆಡರ್ ಕಡತವೂ ದೊರೆಯುತ್ತದೆ. ನಿಮ್‌ನ ಯಾವ ಪ್ರಾಕ್ ಅನ್ನು ಕರೆಯುವುದಕ್ಕೂ ಮುಂಚೆ ಸಿ ಪ್ರೋಗ್ರಾಮಿನಿಂದ ನಿಮ್‌ಮೇನ್ ಎಂಬ ಫಂಕ್ಷನ್ ಅನ್ನು ಒಂದೇ ಒಂದು ಸಲ ಕರೆಯಬೇಕು. ಮೇಲಿನ "ಮೊದಲು" ಎಂಬಂಥ ವೇರಿಯಬಲ್‌ಗಳಿಗೆ ಬೆಲೆ ತುಂಬುವುದು ಆ ಕರೆಯೇ.