ಮಗುವಿನ ಹೆಸರಿನಲ್ಲಿ ಸೇವೆ: ಥಲಸ್ಸೇಮಿಯಾದಿಂದ ಮಗುವನ್ನು ಕಳೆದುಕೊಂಡ ಮನೆಯವರಿಗೆ

ಥಲಸ್ಸೇಮಿಯಾದಂತಹ, ಅಂದರೆ ಮೈಯಲ್ಲಿ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದೆ ಪದೇ ಪದೇ ರಕ್ತ ಹಾಕಿಸಬೇಕಾಗುವ, ತಂದೆತಾಯಿಯಿಂದ ಬರುವ ದೀರ್ಘಕಾಲದ ಕಾಯಿಲೆಯಲ್ಲಿ ಮಗುವನ್ನು ಕಳೆದುಕೊಂಡ ಮನೆಗಳಲ್ಲಿ, ವರ್ಷದ ಪುಣ್ಯಸ್ಮರಣೆ ಹತ್ತಿರವಾಗುತ್ತಿದ್ದಂತೆ, ಮಗುವಿನ ಹೆಸರಿನಲ್ಲಿ ಏನಾದರೂ ಮಾಡಬೇಕೆಂಬ ಮಾತು ಏಳುತ್ತದೆ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆ ಮಠದಲ್ಲಿ ಒಂದು ದಿನದ ದಾಸೋಹ ನಡೆಸುವುದು, ಊರ ಶಾಲೆಗೆ ಡೆಸ್ಕು ಕೊಡಿಸುವುದು, ಗುಡಿಯ ಮುಂದೆ ಹೆಸರು ಕೆತ್ತಿಸಿದ ಕಲ್ಲಿನ ಬೆಂಚು ಹಾಕಿಸುವುದು ರೂಢಿಯಲ್ಲಿದೆ. ಇವು ಯಾವುವೂ ತಪ್ಪಲ್ಲ. ಆದರೆ ವರ್ಷಗಟ್ಟಲೆ ಆಸ್ಪತ್ರೆಗೆ ಎಡತಾಕಿದ ತಂದೆತಾಯಿಗೆ ಬೇರೆ ಯಾವ ದಾನಿಗೂ ಇಲ್ಲದ ತಿಳಿವಳಿಕೆ ಇರುತ್ತದೆ. ಸೇವೆ ಆ ತಿಳಿವಳಿಕೆಯಿಂದ ಹುಟ್ಟಿದರೆ ಅದು ಇನ್ನೊಂದು ಮಗುವಿಗೆ ನೇರವಾಗಿ ಮುಟ್ಟುತ್ತದೆ ಎಂದು ನಾನು ದೃಢವಾಗಿ ನಂಬಿದ್ದೇನೆ.

ಮೊದಲು ಮಗುವಿನ ಆಸ್ಪತ್ರೆ ಫೈಲನ್ನು ತೆರೆಯಿರಿ. ಅದಕ್ಕೆ ಮನಸ್ಸು ಗಟ್ಟಿಯಾಗುವವರೆಗೆ ಕಾಯಿರಿ. ಮೊದಲ ವರ್ಷದಲ್ಲೇ ಎಲ್ಲವೂ ಆಗಬೇಕೆಂಬ ನಿಯಮವಿಲ್ಲ, ಬಂಧುಗಳ ಒತ್ತಾಯಕ್ಕೆ ಮಣಿಯಬೇಕಾಗಿಯೂ ಇಲ್ಲ. ಎಷ್ಟೋ ತಾಯಂದಿರು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ರಕ್ತ ಹಾಕಿಸಿದ ತಾರೀಖು, ಹಾಕುವ ಮೊದಲಿನ ಹಿಮೋಗ್ಲೋಬಿನ್, ಮಗುವಿನ ತೂಕ, ರಕ್ತ ಹಾಕಿಸಿದಷ್ಟೂ ಮೈಯಲ್ಲಿ ಸೇರುವ ಕಬ್ಬಿಣಾಂಶವನ್ನು ತೋರಿಸುವ ಫೆರಿಟಿನ್ ಅಂಕಿಗಳನ್ನು ಬರೆದಿಟ್ಟಿರುತ್ತಾರೆ. ಆ ತಾರೀಖುಗಳ ನಡುವೆ ಎಲ್ಲಿ ಅಂತರ ಹೆಚ್ಚಾಗಿದೆ ಎಂಬುದನ್ನು ನೋಡಿ. 9ಕ್ಕಿಂತ ಕೆಳಗೆ ಇಳಿಯಬಾರದ ಹಿಮೋಗ್ಲೋಬಿನ್ 6ಕ್ಕೆ ಕುಸಿದದ್ದು ಯಾವ ತಿಂಗಳಲ್ಲಿ, ಆಗ ಸಿಗದೆ ಹೋದದ್ದು ರಕ್ತವೋ, ಬಸ್ಸಿನ ಖರ್ಚೋ, ಮೈಯಲ್ಲಿ ಸೇರಿದ ಕಬ್ಬಿಣಾಂಶವನ್ನು ಹೊರಹಾಕುವ ಮಾತ್ರೆಯೋ, ಕೂಲಿ ಬಿಟ್ಟು ಬರಲು ಬಿಡುವೋ ಎಂಬುದನ್ನು ಪಕ್ಕದಲ್ಲೇ ಬರೆಯಿರಿ. ನೀವು ಕೈಗೆತ್ತಿಕೊಳ್ಳಬೇಕಾದ ಕೆಲಸವನ್ನು ಆ ಪುಟಗಳೇ ತೋರಿಸುತ್ತವೆ.

ರಕ್ತದ ಕೊರತೆಯೇ ಎದ್ದು ಕಂಡರೆ ಶಿಬಿರ ಏರ್ಪಡಿಸಬಹುದು, ಆದರೆ ಪುಣ್ಯತಿಥಿಯ ಒಂದೇ ದಿನಕ್ಕೆ ಅಲ್ಲ. ಕೆಂಪು ರಕ್ತಕಣಗಳನ್ನು, ಬಳಸುವ ದ್ರಾವಣಕ್ಕೆ ತಕ್ಕಂತೆ, 35ರಿಂದ 42 ದಿನ ಮಾತ್ರ ಕಾಪಿಡಲು ಬರುತ್ತದೆ. ಥಲಸ್ಸೇಮಿಯಾ ಮಗುವಿಗಾದರೋ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಬೇಕು; ಮೂರು ವಾರಕ್ಕೊಮ್ಮೆ ಎಂದು ಹಿಡಿದರೂ ವರ್ಷಕ್ಕೆ 17 ಸಲ. ಒಂದೇ ದಿನ ನೂರು ಜನ ರಕ್ತ ಕೊಟ್ಟು ಆಮೇಲೆ ವರ್ಷವಿಡೀ ಯಾರೂ ಬಾರದಿದ್ದರೆ ಆ ಮಗುವಿಗೆ ಆಗುವ ಉಪಕಾರ ಒಂದೆರಡು ಸರದಿಯದು ಅಷ್ಟೇ. ಆದ್ದರಿಂದ ಆ ನೂರು ಜನರನ್ನು ಇಪ್ಪತ್ತೈದರ ನಾಲ್ಕು ಗುಂಪು ಮಾಡಿ, ಮೂರು ತಿಂಗಳಿಗೊಂದರಂತೆ ಸಣ್ಣ ಶಿಬಿರಗಳನ್ನು ನಡೆಸಿರಿ. ಅವುಗಳಲ್ಲಿ ಒಂದು ಏಪ್ರಿಲ್ ಅಥವಾ ಮೇ ತಿಂಗಳಲ್ಲಿ ಬರುವಂತೆ ನೋಡಿಕೊಳ್ಳಿರಿ. ಕಾಲೇಜುಗಳಿಗೆ ರಜೆ, ಊರ ತುಂಬ ಮದುವೆ, ಮೇಲೆ ನಮ್ಮ ವಿಜಯಪುರದ ಬಿಸಿಲು; ದಾನಿಗಳು ಕಡಿಮೆಯಾಗುವ ಕಾಲವೆಂದರೆ ಅದು.

ಶಿಬಿರವನ್ನು ಪರವಾನಗಿ ಇರುವ ರಕ್ತ ಕೇಂದ್ರದ ಮೂಲಕವೇ ನಡೆಸಬೇಕು. ಬೆಳಗಾವಿಯ ಬಿಮ್ಸ್ ಮತ್ತು ಕೆಎಲ್‌ಇ, ಬಾಗಲಕೋಟೆಯ ಕುಮಾರೇಶ್ವರ, ವಿಜಯಪುರದ ಬಿಎಲ್‌ಡಿಇ ಆಸ್ಪತ್ರೆಗಳಲ್ಲಿ ಅಂತಹ ಕೇಂದ್ರಗಳಿವೆ. ತಾರೀಖು ಗೊತ್ತುಮಾಡುವ ಮೊದಲು ಅಲ್ಲಿಯವರನ್ನು ಕಂಡು, ಯಾವ ವಾರದಲ್ಲಿ ಸಂಗ್ರಹ ಇಳಿಯುತ್ತದೆ ಎಂದು ಕೇಳಿರಿ. ದಾನಿಗೆ 18ರಿಂದ 65ರ ವಯಸ್ಸು, ಕನಿಷ್ಠ 45 ಕಿಲೋ ತೂಕ, 12.5 ಹಿಮೋಗ್ಲೋಬಿನ್ ಇರಬೇಕು. ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ ಕೊಡಬಹುದು. ಬ್ಯಾನರಿನಲ್ಲಿ ಮಗುವಿನ ಫೋಟೊ ಹಾಕುವುದಾದರೆ ಆಡುವಾಗಿನದೋ ಶಾಲೆಯ ಸಮವಸ್ತ್ರದ್ದೋ ಇರಲಿ, ಕೈಗೆ ಸೂಜಿ ಚುಚ್ಚಿದ್ದು ಖಂಡಿತ ಬೇಡ. ಅದೇ ಕಾಯಿಲೆಯ ಬೇರೆ ಮಕ್ಕಳನ್ನು ವೇದಿಕೆಗೆ ಕರೆದು ಸಾಲಾಗಿ ನಿಲ್ಲಿಸುವುದು ಅದಕ್ಕಿಂತಲೂ ನೋವಿನ ಸಂಗತಿ; ಅವರ ತಂದೆತಾಯಿ ಬಾಯಿಬಿಟ್ಟು ಬೇಡವೆನ್ನಲಾರರು.

ಸಿಂದಗಿಯಿಂದ ವಿಜಯಪುರಕ್ಕೋ, ಹುನಗುಂದದಿಂದ ಬಾಗಲಕೋಟೆಗೋ ರಕ್ತ ಹಾಕಿಸಲು ಬರುವ ಮನೆಯವರಿಗೆ ಅದು ಇಡೀ ದಿನದ ಕೆಲಸ. ಒಂದು ಚೀಲ ರಕ್ತ ಇಳಿಯಲು ಮೂರು ನಾಲ್ಕು ಗಂಟೆ ಬೇಕು, ಅದಕ್ಕೂ ಮೊದಲು ಹೊಂದಾಣಿಕೆಯ ಪರೀಕ್ಷೆ ಆಗಬೇಕು. ಮುಂಜಾನೆಯ ಬಸ್ಸಿಗೆ ರೊಟ್ಟಿ ಕಟ್ಟಿಕೊಂಡು ಹೊರಟ ತಾಯಿ ಸಂಜೆ ಮರಳುವ ಹೊತ್ತಿಗೆ ಆ ದಿನದ ಕೂಲಿ ಹೋಗಿರುತ್ತದೆ. ಎರಡು ಮೂರು ಕುಟುಂಬಗಳ ಪ್ರಯಾಣದ ಖರ್ಚನ್ನು ವರ್ಷವಿಡೀ ವಹಿಸಿಕೊಂಡರೆ ಅದು ದೊಡ್ಡ ಸೇವೆ. ಥಲಸ್ಸೇಮಿಯಾ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿದೆ. ಆ ಪಟ್ಟಿಯವರಿಗೆ ಸರ್ಕಾರ ಕೊಡುವ ಯುಡಿಐಡಿ ಗುರುತಿನ ಕಾರ್ಡಿಗೆ ಅರ್ಜಿ ತುಂಬಿಸಿಕೊಡುವುದಕ್ಕೆ ನಿಮ್ಮ ಅನುಭವ ಸಾಕು, ಹಣವೇ ಬೇಡ.

ಇನ್ನು ಎಲ್ಲಕ್ಕಿಂತ ಕಷ್ಟದ, ಆದರೆ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಕೆಲಸ ನಿಮ್ಮ ಬಳಗದಲ್ಲೇ ಇದೆ. ಈ ಕಾಯಿಲೆಯ ಮಗುವಿನ ತಂದೆ ತಾಯಿ ಇಬ್ಬರೂ ವಾಹಕರಾಗಿರುತ್ತಾರೆ, ಅಂದರೆ ಕಾಯಿಲೆ ಇಲ್ಲದಿದ್ದರೂ ಅದರ ದೋಷವುಳ್ಳ ಜೀನ್ ಅವರಲ್ಲಿರುತ್ತದೆ. ಹಾಗಿದ್ದಾಗ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ ಶೇಕಡಾ 25. ವಾಹಕರು ಆರೋಗ್ಯವಾಗಿಯೇ ಇರುವುದರಿಂದ ಪರೀಕ್ಷೆಯಿಲ್ಲದೆ ಗೊತ್ತಾಗುವುದಿಲ್ಲ. ನಿಮ್ಮ ಅಣ್ಣತಮ್ಮಂದಿರು, ಅಕ್ಕತಂಗಿಯರು, ಅವರ ಮಕ್ಕಳಲ್ಲಿ ಇನ್ನೂ ವಾಹಕರಿರಬಹುದು. ಸೋದರಮಾವನಿಗೋ ಅತ್ತೆಯ ಮಗನಿಗೋ ಕೊಟ್ಟು ತರುವ ನಮ್ಮ ರೂಢಿಯಲ್ಲಿ ಇಬ್ಬರು ವಾಹಕರು ಜೊತೆಯಾಗುವುದು ಸುಲಭ. ಮದುವೆಗೆ ಮೊದಲು, ವಾಹಕರೇ ಎಂದು ರಕ್ತದಿಂದ ತಿಳಿಸುವ ಎಚ್‌ಬಿಎ2 ಪರೀಕ್ಷೆ ಮಾಡಿಸಿ, ಬಸಿರಾದವರಿದ್ದರೆ ತಡಮಾಡದೆ ಗಂಡಹೆಂಡತಿ ಇಬ್ಬರದೂ ಮಾಡಿಸಿ. ಇಬ್ಬರೂ ವಾಹಕರೆಂದು ಗೊತ್ತಾದರೆ 10ರಿಂದ 12ನೇ ವಾರದಲ್ಲಿ ಭ್ರೂಣದ ಪರೀಕ್ಷೆಗೆ ಅವಕಾಶವಿದೆ. ಒಬ್ಬರು ಮಾತ್ರ ವಾಹಕರಾದರೆ ಮಕ್ಕಳಿಗೆ, ರಕ್ತ ಹಾಕಿಸುತ್ತಲೇ ಇರಬೇಕಾದ ತೀವ್ರ ರೂಪದ, ಅಂದರೆ ಥಲಸ್ಸೇಮಿಯಾ ಮೇಜರ್‌ನ ಭಯವಿಲ್ಲ ಎಂಬುದನ್ನೂ ಒತ್ತಿ ಹೇಳಿರಿ, ಇಲ್ಲದಿದ್ದರೆ ಹೆಣ್ಣುಮಕ್ಕಳ ಮೇಲೆ ಅಪವಾದ ಬೀಳುತ್ತದೆ. ಫಲಿತಾಂಶ ಆಯಾ ವ್ಯಕ್ತಿಯ ಕೈಗೇ ಸೇರಬೇಕು, ಹಿರಿಯರ ಕೈಗಲ್ಲ.

ಹಣದ ವಿಷಯದಲ್ಲಿ ಆರಂಭದಲ್ಲೇ ಟ್ರಸ್ಟ್ ನೋಂದಾಯಿಸುವ ಅವಸರ ಬೇಡ. ಲೆಕ್ಕಪತ್ರ, ಪ್ಯಾನ್, ಆಡಿಟ್ ಎಂದು ಅದರದ್ದೇ ಒಂದು ಸಂಸಾರ. ಮಗು ಓದಿದ ಶಾಲೆಯಲ್ಲಿ ದತ್ತಿ ಇಡುವುದು ಸರಳ. ಒಂದು ಲಕ್ಷ ರೂಪಾಯಿ ಠೇವಣಿಗೆ ಶೇಕಡಾ 6ರ ಬಡ್ಡಿ ಹಿಡಿದರೆ ವರ್ಷಕ್ಕೆ 6,000 ಬರುತ್ತದೆ. ಅದನ್ನು ಮೊದಲ ರ‍್ಯಾಂಕಿನವರಿಗೆ ಕೊಡದೆ, ಕಾಯಿಲೆಯಿಂದ ಹಲವು ದಿನ ಶಾಲೆ ತಪ್ಪಿಯೂ ವರ್ಷ ಪೂರೈಸಿದ ಮಗುವಿಗೆ ಎಂದು ದತ್ತಿಪತ್ರದಲ್ಲಿ ಬರೆಸಿರಿ. ಹೆಸರಿನ ಕಲ್ಲು ಇಲ್ಲದೆ ನೆನಪು ಉಳಿಯದೆಂದು ಹಿರಿಯರು ಕೊರಗಿದರೆ, 2023ರ ಜನವರಿ 2ರಂದು ಲಿಂಗೈಕ್ಯರಾದ, ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರು ತಮಗೆ ಸ್ಮಾರಕ ಬೇಡವೆಂದು ಬರೆದಿಟ್ಟು ಹೋದುದನ್ನು ಅವರಿಗೆ ನೆನಪಿಸಬಹುದು.

ಮನೆಯಲ್ಲಿ ಉಳಿದ ಮಾತ್ರೆಗಳನ್ನು ಇನ್ನೊಂದು ಮನೆಗೆ ನೇರವಾಗಿ ಕೊಡಬೇಡಿ. ಪ್ರಮಾಣ ಮಗುವಿನ ತೂಕಕ್ಕೆ ತಕ್ಕಂತೆ ಬದಲಾಗುವುದರಿಂದ ಚಿಕಿತ್ಸೆ ನೀಡಿದ ವೈದ್ಯರಿಗೇ ಒಪ್ಪಿಸಿರಿ. ಮಗುವಿನ ಒಡಹುಟ್ಟಿದವರಿದ್ದರೆ ಅವರ ಮಾತನ್ನೂ ಕೇಳಿರಿ, ಆದರೆ ಕೆಲಸದಲ್ಲಿ ಸೇರಲೇಬೇಕೆಂದು ಕಟ್ಟಿಹಾಕಬೇಡಿ. ಮುಂದೊಂದು ದಿನ ಕೈಲಾಗದಿದ್ದರೆ, ನಿಲ್ಲಿಸುವ ಮೂರು ತಿಂಗಳು ಮೊದಲೇ ರಕ್ತ ಕೇಂದ್ರಕ್ಕೂ ಪ್ರಯಾಣದ ಹಣ ನಂಬಿಕೊಂಡ ಕುಟುಂಬಗಳಿಗೂ ತಿಳಿಸಿ, ದಾನಿಗಳ ಒಪ್ಪಿಗೆ ಪಡೆದು ಅವರ ಪಟ್ಟಿಯನ್ನು ಕೇಂದ್ರದವರಿಗೆ ಒಪ್ಪಿಸಿರಿ.