ನಿಯಮಕ್ಕೊಂದು ನಿಯಮ ತೆಗೆದ ನಮ್ಮ ಲೆಕ್ಕ

ಜನರ ಮೇಲಿನ ಸರ್ಕಾರಿ ನಿಯಮಗಳ ಹೊರೆ ಇಳಿಸಲು ನಾವು ಹೊರಟಾಗ "ಇದೆಲ್ಲ ಎರಡು ಮೀಟಿಂಗ್‌ಗೆ ಮುಗಿಯುತ್ತೆ ಬಿಡಿ" ಎಂದು ನಕ್ಕವರೇ ಈಗ ಫೋನ್ ಮಾಡಿ ಹೇಗೆ ಮಾಡಿದಿರಿ ಎಂದು ಕೇಳುತ್ತಿದ್ದಾರೆ. ಹಾಗಾಗಿ ಬರೆಯುತ್ತಿದ್ದೇನೆ.

ಮೊದಲು ದುಡ್ಡು ಹೋದ ದಾರಿ. ನಾವು ಮೊದಲು ಹಿಡಿದದ್ದು ಡಚ್ಚರ (ನೆದರ್‌ಲ್ಯಾಂಡ್ಸ್‌ನವರ) ಸ್ಟ್ಯಾಂಡರ್ಡ್ ಕಾಸ್ಟ್ ಮಾಡೆಲ್, ಅಂದರೆ ನಿಯಮ ಪಾಲಿಸಲು ತಗಲುವ ಖರ್ಚನ್ನು ಲೆಕ್ಕ ಹಾಕುವ ವಿಧಾನ. ಒಂದು ಫಾರಂ ತುಂಬಲು ಎಷ್ಟು ಹೊತ್ತು, ಗಂಟೆಗೆ ಎಷ್ಟು ಖರ್ಚು, ವರ್ಷಕ್ಕೆ ಎಷ್ಟು ಜನ ಎಂದು ಗುಣಿಸುವುದು. ಅವರು ಅದರಿಂದಲೇ ಶೇ. 25 ಹೊರೆ ಇಳಿಸುವ ಗುರಿ ಇಟ್ಟುಕೊಂಡಿದ್ದರು. ನಮ್ಮಲ್ಲಿ ಬಜೆಟ್‌ನ ಅರ್ಧಕ್ಕಿಂತ ಜಾಸ್ತಿ ಕನ್ಸಲ್ಟೆಂಟ್‌ಗಳ ಸರ್ವೆಗೇ ಹೋಯಿತು. ದಪ್ಪ ವರದಿ ಬಂತು, ಒಂದು ನಿಯಮವೂ ಕದಲಲಿಲ್ಲ. ಆಮೇಲೆ ನಿಯಮಾವಳಿಗಳನ್ನೇ ಎಣಿಸೋಣ ಎಂದರು. ವಿಭಾಗದವರು ಜಾಣರು, ಅಲ್ವಾ? ಮೂರನ್ನು ಸೇರಿಸಿ ಒಂದು ಮಾಡಿ "ಎರಡು ಕಡಿಮೆ ಆಯ್ತು" ಎಂದರು. ಒಳಗಿನ ಷರತ್ತುಗಳೆಲ್ಲ ಹಾಗೇ ಇದ್ದವು.

ಕೆಲಸಕ್ಕೆ ಬಂದದ್ದು ಕೆನಡಾದ ಬ್ರಿಟಿಷ್ ಕೊಲಂಬಿಯಾದ ದಾರಿ. 2001ರಲ್ಲಿ ಶುರು ಮಾಡಿ, ಜನ ಮಾಡಲೇಬೇಕಾದ ಒಂದೊಂದು ಕೆಲಸವನ್ನೂ ಅವರು ಎಣಿಸಿದರು. ಮೂರು ಲಕ್ಷಕ್ಕೂ ಮೇಲೆ ಸಿಕ್ಕಿತು. ಮೂರು ವರ್ಷದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆದರು. ನಾವೂ "ಸಲ್ಲಿಸತಕ್ಕದ್ದು", "ಲಗತ್ತಿಸತಕ್ಕದ್ದು" ಕಂಡಲ್ಲೆಲ್ಲ ಎಣಿಕೆಗೆ ಒಂದೊಂದು ಗೀಟು ಹಾಕಿದೆವು. ಲೈಸೆನ್ಸ್ ನವೀಕರಣ ಒಂದರಲ್ಲೇ ಮೂವತ್ತರ ಹತ್ತಿರ ಬಂತು. ಅದರಲ್ಲಿ ಆರೇಳು, ನಾವೇ ಕೊಟ್ಟ ಕಾಗದದ ನಕಲನ್ನು ನಮಗೇ ಕೊಡಿ ಎನ್ನುವವು! ಸುತ್ತೋಲೆಗಳನ್ನೂ ಬಿಡದೆ ಎಣಿಸಿ. ಇಲ್ಲದಿದ್ದರೆ ನಿಯಮದಿಂದ ತೆಗೆದದ್ದು ಸುತ್ತೋಲೆಯಲ್ಲಿ ವಾಪಸ್ ಬರುತ್ತದೆ.

ನಂತರ ಒಂದೇ ಪಟ್ಟು: ಹೊಸದೊಂದು ಬೇಕಾದರೆ ಹಳೆಯದೊಂದು ತೆಗೆಯಿರಿ, ಇಲ್ಲದಿದ್ದರೆ ಕರಡು ಮುಂದೆ ಹೋಗಲ್ಲ. ಕಾನೂನು ವಿಭಾಗ ತಿಂಗಳುಗಟ್ಟಲೆ ಮುನಿಸಿಕೊಂಡಿತ್ತು. ಮೂರು ವರ್ಷಕ್ಕೆ ಕಾಲು ಭಾಗದಷ್ಟು ಇಳಿಯಿತು. ಕನ್ಸಲ್ಟೆಂಟ್ ಇಲ್ಲದೆ, ಇಬ್ಬರು ಗುಮಾಸ್ತರ ಸಂಬಳದಲ್ಲಿ.

ನಡುವೆ ಸುಮ್ನೆ ಒಂದು ಹೊಸದಕ್ಕೆ ಎರಡು ಹಳೆಯದು ತೆಗೆಯುವುದನ್ನೂ ಮಾಡಿ ನೋಡಿದೆವು. ಅಮೆರಿಕದಲ್ಲಿ 2017ರಲ್ಲಿ ಬಂದು 2021ರಲ್ಲಿ ರದ್ದಾದದ್ದು ಅದೇ. ಯಾರೂ ಬಳಸದ ಸತ್ತ ನಿಯಮಗಳನ್ನು, ಮುಂದೆ ಹೊಸದಕ್ಕೆ ಬದಲಾಗಿ ತೆಗೆಯಲು ಬೇಕಾದೀತು ಎಂದು ನಮ್ಮ ವಿಭಾಗಗಳು ಬಚ್ಚಿಡತೊಡಗಿದವು. ಕೈಬಿಟ್ಟೆವು. ಹತ್ತು ವರ್ಷಕ್ಕೆ ತಾನೇ ರದ್ದಾಗುವ ಷರತ್ತು ಮಾತ್ರ ಹೊಸ ನಿಯಮಗಳಲ್ಲಿ ಉಳಿಸಿಕೊಂಡಿದ್ದೇವೆ. ಅವಧಿ ಮುಗಿದಾಗ ಮರುಪರಿಶೀಲನೆ ಕಡ್ಡಾಯ, ಸಾರಾಸಗಟು ನವೀಕರಣ ಇಲ್ಲ.

ಸುರಕ್ಷತೆಯ ನಿಯಮಗಳಿಗೆ ಕೈ ಹಾಕಲಿಲ್ಲ. ಯಾವ ವಿಭಾಗದಿಂದ ಶುರು ಮಾಡಿದರೆ ಜಗಳ ಕಡಿಮೆ ಎನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.