266 ಸಾಲಿನ ಲೆಜರು

ಪಾಕಿಸ್ತಾನದ ಚುನಾವಣೆಯಲ್ಲಿ ಯಾರು ಗೆಲ್ಲುತ್ತಾರೆ ಅಂತ ನಾನು ಮೂರು ಸಲ ಲೆಕ್ಕ ಹಾಕಿದ್ದೇನೆ. 2013ರಲ್ಲಿ ಅರ್ಧ ತಪ್ಪಿತು, 2018ರಲ್ಲಿ ಹೆಚ್ಚುಕಡಿಮೆ ಕೂಡಿಬಂತು, 2024ರಲ್ಲಿ ಮಕಾಡೆ ಮಲಗಿತು.

ಬೀದರ ಕಡೆಯವನಾದ ನನಗೆ ಇದೆಲ್ಲಿಯ ಉಸಾಬರಿ ಅಂತ ಮನೆಯವಳೂ ಕೇಳಿದ್ದಾಳೆ. ನಾನಿರುವುದು ಶಾರ್ಜಾದಲ್ಲಿ, ಕಟ್ಟಡ ಸಾಮಾನಿನ ಒಂದು ಕಂಪನಿಯ ಲೆಕ್ಕಪತ್ರ ನೋಡಿಕೊಂಡು. ಗೋದಾಮಿನಲ್ಲಿ ಅರ್ಧಕ್ಕರ್ಧ ಜನ ಪಾಕಿಸ್ತಾನದವರು. ನಮ್ಮಪ್ಪ ನಿಜಾಮರ ಕಾಲದ ಶಾಲೆಯಲ್ಲಿ ಉರ್ದು ಓದಿದವರು, ಮನೆಯಲ್ಲಿ ನನಗೂ ಅಲಿಫ್ ಬೇ ತಿದ್ದಿಸಿದ್ದರು. ಹಾಗಾಗಿ ಅವರ ಪತ್ರಿಕೆಗಳನ್ನು ನಿಧಾನಕ್ಕಾದರೂ ಓದಬಲ್ಲೆ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಗುಜರಾತಿನ ಫೋರ್ಮನ್ನು, ಸ್ವಾತ್ ಕಣಿವೆಯ ಡ್ರೈವರು, ಕರಾಚಿಯ ಸ್ಟೋರ್‌ಕೀಪರು ಒಂದೇ ಚಾಪೆಯ ಮೇಲೆ ಕೂತು ಜಗಳವಾಡುವುದನ್ನು ಕೇಳಿ ಕೇಳಿ ನನಗೂ ಚಟ ಹತ್ತಿತು. (ಗುಜರಾತ್ ಅಂದರೆ ನಮ್ಮದಲ್ಲ, ಅವರ ಪಂಜಾಬಿನಲ್ಲಿ ಆ ಹೆಸರಿನ ಜಿಲ್ಲೆಯೊಂದಿದೆ. ಫ್ಯಾನು ಮಾಡುವ ಊರು.) ಬಾಜಿ ಏನಿದ್ದರೂ ಬಿರಿಯಾನಿಯದ್ದು.

2013ರಲ್ಲಿ ನಾನು ಮೋಸಹೋದದ್ದು ಜನಜಂಗುಳಿ ನೋಡಿ. 2011ರ ಅಕ್ಟೋಬರಿನಲ್ಲಿ ಲಾಹೋರಿನ ಮಿನಾರ್-ಎ-ಪಾಕಿಸ್ತಾನದ ಮುಂದೆ ಇಮ್ರಾನ್ ಖಾನ್ ಸಭೆಗೆ ಸೇರಿದ್ದ ಜನಸಾಗರ ಟಿವಿಯಲ್ಲಿ ನೋಡಿ, ಈ ಮನುಷ್ಯ ಎಪ್ಪತ್ತು ಸೀಟು ತರುತ್ತಾನೆ ಅಂತ ಬರೆದುಕೊಂಡೆ. ಬಂದದ್ದು 28. ನವಾಜ್ ಷರೀಫ್ ಅವರ ಪಕ್ಷ ನೇರ ಚುನಾವಣೆಯ ಸ್ಥಾನಗಳಲ್ಲಿ 120 ದಾಟಿ ಕೂತಿತು. ಫೋರ್ಮನ್ ನಗುತ್ತಾ ಹೇಳಿದ್ದು: ‘ಅಕೌಂಟೆಂಟ್ ಸಾಬ್, ಜಲಸಾಕ್ಕೆ (ಪ್ರಚಾರಸಭೆಗೆ) ಹೋಗುವವರು ಬೇರೆ, ಓಟು ಹಾಕಿಸುವವರು ಬೇರೆ.’

ಆ ಹಾಕಿಸುವವರನ್ನು ಹುಡುಕುವುದೇ 2018ರ ನನ್ನ ಕೆಲಸವಾಯಿತು. ಪಂಜಾಬಿನ ಹಳ್ಳಿಗಳಲ್ಲಿ ಬಿರಾದರಿ ಅಂತ ಒಂದಿದೆ, ಜಾಟ್, ಅರಾಯೀಂ, ರಾಜಪೂತ, ಗುಜ್ಜರ್ ಹೀಗೆ. ನಮ್ಮಲ್ಲಿ ಲಿಂಗಾಯತ ಒಳಪಂಗಡ, ಒಕ್ಕಲಿಗ, ಕುರುಬ ಅಂತ ಲೆಕ್ಕ ಹಾಕಿ ಬೆಳೆದವನಿಗೆ ಇದು ಹೊಸದೇನಲ್ಲ. ಅದರ ಮೇಲೆ ‘ಧಡಾ’, ಅಂದರೆ ಊರಿನ ಗುಂಪು. ಒಂದೇ ಬಿರಾದರಿಯಲ್ಲೂ ಎರಡು ಧಡಾ ಇರುತ್ತವೆ. ಇವೆಲ್ಲ ಹೋಗಿ ಸೇರುವುದು ‘ಇಲೆಕ್ಟೆಬಲ್’ ಎಂಬ ದೊಡ್ಡ ಮನುಷ್ಯನ ಹತ್ತಿರ. ಠಾಣೆ, ಕಚೇರಿಯ ಕೆಲಸ ಮಾಡಿಸಿಕೊಡುವವನು. ಆತ ಯಾವ ಪಕ್ಷಕ್ಕೆ ಹೋದರೂ ಅವನ ಸ್ವಂತದ ಮೂವತ್ತು ನಲವತ್ತು ಸಾವಿರ ಓಟು ಹಿಂದೆಯೇ ಹೋಗುತ್ತವೆ ಎಂಬುದು ನಂಬಿಕೆ. ಹೀಗೆ ಪಕ್ಷ ಬದಲಿಸುವವನಿಗೆ ಅಲ್ಲಿ ‘ಲೋಟಾ’ ಅನ್ನುತ್ತಾರೆ. ನಾವು ಟೀ ಕುಡಿಯುವ ಲೋಟ ಅಲ್ಲ, ತಳ ಗುಂಡಗಿದ್ದು ಅತ್ತಿತ್ತ ಉರುಳುವ ತಂಬಿಗೆ.

ಆ ವರ್ಷ ಗಾಳಿ ಎತ್ತ ಬೀಸುತ್ತಿದೆ ಅಂತ ತಿಳಿಯಲು ಸಭೆ ನೋಡಬೇಕಿರಲಿಲ್ಲ, ತಂಬಿಗೆಗಳು ಎತ್ತ ಉರುಳುತ್ತಿವೆ ಅಂತ ನೋಡಿದರೆ ಸಾಕಿತ್ತು. ಮೇ ತಿಂಗಳಲ್ಲಿ ದಕ್ಷಿಣ ಪಂಜಾಬಿನ ದೊಡ್ಡ ಜಮೀನುದಾರರ ಗುಂಪೊಂದು ಇಡಿಯಾಗಿ ಇಮ್ರಾನ್ ಪಕ್ಷ ಸೇರಿತು. ಜುಲೈ 6ಕ್ಕೆ ನವಾಜ್ ಅವರಿಗೆ ಶಿಕ್ಷೆಯಾಯಿತು, 13ಕ್ಕೆ ಲಾಹೋರಿನಲ್ಲಿ ಇಳಿದೊಡನೆ ಬಂಧನ. ತಂಬಿಗೆಗಳನ್ನು ಉರುಳಿಸುವ ಕೈ ಯಾವುದು ಅಂತ ಎಲ್ಲರಿಗೂ ಗೊತ್ತು, ಆದರೆ ಹೆಸರು ಹೇಳುವವರಿಲ್ಲ. ಆಗ ಅದಕ್ಕೆ ‘ಖಲಾಯಿ ಮಖ್ಲೂಕ್’, ಅಂದರೆ ಆಕಾಶದಿಂದ ಇಳಿದ ಜೀವಿಗಳು, ಅಥವಾ ‘ಕೃಷಿ ಇಲಾಖೆ’ ಅನ್ನುತ್ತಿದ್ದರು. ಫೋರ್ಮನ್ ಸೈನ್ಯ ಅನ್ನಬೇಕಾದಲ್ಲಿ ಬಾಯಿ ತೆರೆಯದೆ ಎರಡು ಬೆರಳು ಭುಜದ ಮೇಲೆ ತಟ್ಟುತ್ತಿದ್ದ, ಅಲ್ಲಿ ಪಟ್ಟಿ ಇದ್ದಂತೆ.

ನಾನು ಇಮ್ರಾನ್‌ಗೆ 108, ನವಾಜ್ ಪಕ್ಷಕ್ಕೆ 75, ಭುಟ್ಟೊ ಮನೆತನದ ಪೀಪಲ್ಸ್ ಪಾರ್ಟಿಗೆ 40 ಅಂತ ಬರೆದೆ. ಜುಲೈ 25ರ ರಾತ್ರಿ ಮತಗಟ್ಟೆಗಳಿಂದ ಫಲಿತಾಂಶ ಕಳಿಸುವ ಆರ್‌ಟಿಎಸ್ ವ್ಯವಸ್ಥೆ ಕೆಟ್ಟು ನಿಂತು ದೊಡ್ಡ ಗದ್ದಲವಾಯಿತು. ಕೊನೆಗೆ ಬಂದದ್ದು 116, 64, 43. ನನ್ನದು ತಪ್ಪಿದ್ದು ಖೈಬರ್ ಪಖ್ತೂನ್‌ಖ್ವಾದಲ್ಲಿ. ಆ ಪ್ರಾಂತ ಒಮ್ಮೆ ಗೆಲ್ಲಿಸಿದವರನ್ನು ಮುಂದಿನ ಸಲ ಮನೆಗೆ ಕಳಿಸುತ್ತದೆ ಎಂಬ ಮಾತಿತ್ತು: 2002ರಲ್ಲಿ ಮೌಲ್ವಿಗಳ ಒಕ್ಕೂಟ, 2008ರಲ್ಲಿ ಪಠಾಣರ ಪಕ್ಷ ಎಎನ್‌ಪಿ, 2013ರಲ್ಲಿ ಇಮ್ರಾನ್. ನಾನೂ ಅದನ್ನೇ ನಂಬಿ ಇಮ್ರಾನ್‌ಗೆ ಅಲ್ಲಿ ಕಡಿಮೆ ಕೊಟ್ಟಿದ್ದೆ. ಸ್ವಾತ್‌ನ ಡ್ರೈವರ್ ಆಗಲೇ ಅಂದಿದ್ದ, ಈ ಸಲ ಆ ಗಾದೆ ನಡೆಯೋದಿಲ್ಲ ಅಂತ. ಆದರೂ ಬಿರಿಯಾನಿ ನಾನೇ ಗೆದ್ದೆ, ಗೆದ್ದ ಹುಮ್ಮಸ್ಸಿನಲ್ಲಿ ಅವನ ಮಾತು ಮರೆತೆ.

ಇನ್ನು 2024ರ ಕಥೆ. ಆಫೀಸಿನಲ್ಲಿ ಹಳೆಯ ಉದ್ದನೆಯ ಲೆಜರೊಂದು ಖಾಲಿ ಬಿದ್ದಿತ್ತು. ಡಿಸೆಂಬರಿನಲ್ಲಿ ಅದನ್ನು ಮನೆಗೆ ತಂದು ರಾಷ್ಟ್ರೀಯ ಸಭೆಗೆ (ನಮ್ಮ ಲೋಕಸಭೆಯಂಥದ್ದು) ನೇರವಾಗಿ ಆರಿಸುವ ಕ್ಷೇತ್ರಕ್ಕೊಂದರಂತೆ 266 ಸಾಲು ಗೆರೆ ಎಳೆದೆ. ಪಂಜಾಬಿಗೆ 141, ಸಿಂಧ್‌ಗೆ 61, ಖೈಬರ್ ಪಖ್ತೂನ್‌ಖ್ವಾಕ್ಕೆ 45, ಬಲೂಚಿಸ್ತಾನಕ್ಕೆ 16, ಇಸ್ಲಾಮಾಬಾದಿಗೆ 3. ಮೊದಲ ತಲೆನೋವು ಅಲ್ಲೇ. 2023ರ ಜನಗಣತಿ ಮೇಲೆ ಕ್ಷೇತ್ರಗಳನ್ನು ಮತ್ತೆ ಕತ್ತರಿಸಿ ಹೊಲಿದಿದ್ದರು, ನಂಬರುಗಳೂ ಸರಿದಿದ್ದವು. 2018ರ ನಂಬರು ನೋಡಿ 2024ರ ಸಾಲಿಗೆ ಬರೆದರೆ ಮಲಾಕಂಡದ ಓಟು ಬಾಜೌರ್‌ಗೆ ಹೋಗಿ ಕೂರುತ್ತದೆ. ತಹಸೀಲು ತಹಸೀಲು ಹೊಂದಿಸುವುದರಲ್ಲೇ ಎರಡು ವಾರದ ಶುಕ್ರವಾರ ಹೋಯಿತು. ಒಟ್ಟು ಮತದಾರರು 12.85 ಕೋಟಿ, ಒಂದು ಕ್ಷೇತ್ರಕ್ಕೆ ಸರಾಸರಿ 4.8 ಲಕ್ಷ. ಅರ್ಧದಷ್ಟು ಜನ ಬಂದರೂ ಲಕ್ಷದ ಆಸುಪಾಸು ತಂದವನು ಗೆದ್ದಂತೆ.

ಪ್ರತಿ ಸಾಲಿಗೆ ಕಾಲಂಗಳು: ಕಳೆದ ಸಲ ಗೆದ್ದವನು, ಅಂತರ, ಅವನು ಈಗ ಎಲ್ಲಿದ್ದಾನೆ, ಬಿರಾದರಿ, ಪೊಲೀಸು ಯಾರ ಕಡೆ. ಅಷ್ಟರಲ್ಲಿ ಇಮ್ರಾನ್ ಜೈಲಿನಲ್ಲಿದ್ದರು. ನವಾಜ್ ಅಕ್ಟೋಬರ್ 21ಕ್ಕೆ ಲಂಡನ್‌ವಾಸ ಮುಗಿಸಿ ಬಂದಿದ್ದರು, ಕೇಸುಗಳು ಒಂದೊಂದಾಗಿ ಬಿದ್ದುಹೋಗುತ್ತಿದ್ದವು. ತಂಬಿಗೆಗಳೆಲ್ಲ ವಾಪಸು ಉರುಳುತ್ತಿದ್ದವು. ಜನವರಿ 13ರ ರಾತ್ರಿ ಸುಪ್ರೀಂ ಕೋರ್ಟು ಇಮ್ರಾನ್ ಪಕ್ಷದ ಬ್ಯಾಟ್ ಗುರುತು ಕಿತ್ತುಕೊಂಡದ್ದನ್ನು ಎತ್ತಿಹಿಡಿಯಿತು. ಪಕ್ಷದವರೆಲ್ಲ ಪಕ್ಷೇತರರಾಗಿ ನಿಲ್ಲಬೇಕಾಯಿತು. ಒಬ್ಬನಿಗೆ ಬದನೆಕಾಯಿ, ಒಬ್ಬನಿಗೆ ಮಂಚ, ಇನ್ನೊಬ್ಬನಿಗೆ ಬಾಟಲಿ.

ಗುರುತು ಹೋದರೆ ಎಷ್ಟು ಓಟು ಹೋಗುತ್ತದೆ? ನಮ್ಮೂರಿನಲ್ಲಿ ಅಕ್ಷರ ಬಾರದ ಅಜ್ಜಿಯರು ‘ಹಸ್ತ’, ‘ಹೂವು’ ಅಂತಲೇ ಓಟು ಹಾಕುವುದನ್ನು ನೋಡಿದವನು ನಾನು. ಪ್ರತಿ ಸಾಲಿನಲ್ಲೂ ಇಮ್ರಾನ್ ಕಡೆಯವನ ಓಟಿನಲ್ಲಿ ನೂರಕ್ಕೆ ಹದಿನೈದು ಕಡಿದೆ. ಪ್ರಚಾರಕ್ಕೆ ಬಿಡುತ್ತಿಲ್ಲ ಅಂತ ಮತ್ತೆ ಐದು. ಬೇಸತ್ತವರು ಮನೆಯಲ್ಲೇ ಕೂರುತ್ತಾರೆ ಅಂತ ಇನ್ನೂ ಐದು. ಜನವರಿ ಕೊನೆಗೆ ವಾರದೊಳಗೆ ಇಮ್ರಾನ್‌ಗೆ ಮೂರು ಶಿಕ್ಷೆ ಬಂದವು: ಸೈಫರ್ (ಸರ್ಕಾರಿ ಗುಪ್ತ ಸಂದೇಶದ) ಕೇಸಿನಲ್ಲಿ 10 ವರ್ಷ, ತೋಷಾಖಾನಾದಲ್ಲಿ (ಸರ್ಕಾರಕ್ಕೆ ಬಂದ ಉಡುಗೊರೆಗಳ ಕೇಸು) 14, ಮದುವೆಯ ಕೇಸಿನಲ್ಲಿ 7. ನಾನು ಮತ್ತಷ್ಟು ಕಡಿದೆ. ಕಡಿಯುವುದಕ್ಕೆ ಕೈ ಕೂತ ಮೇಲೆ ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಾಗುವುದಿಲ್ಲ.

ಆ ದಿನಗಳಲ್ಲೇ ಒಮ್ಮೆ ಡೆಲಿವರಿ ಚಲನ್ ಸಹಿ ಮಾಡಿಸಲು ಡ್ರೈವರ್ ನನ್ನ ಮೇಜಿನ ಹತ್ತಿರ ಬಂದ. ಲೆಜರು ತೆರೆದಿತ್ತು. ಬಗ್ಗಿ ನೋಡಿ, ‘ಇದೇನು ಇಷ್ಟು ಕೆಂಪು ಶಾಯಿ?’ ಅಂದ. ಹೇಳಿದೆ. ಅವನು ವಾದ ಮಾಡಲಿಲ್ಲ, ಫೋನು ತೆಗೆದು ಒಂದು ಚಿತ್ರ ತೋರಿಸಿದ. ಅಭ್ಯರ್ಥಿಯ ಫೋಟೊ, ಪಕ್ಕದಲ್ಲಿ ಗುರುತು, ಮೂಲೆಯಲ್ಲಿ ಇಮ್ರಾನ್ ಮುಖ. ‘ಇದನ್ನು ನಾನು ಕಳಿಸಿದ್ದಲ್ಲ ಭಾಯಿ. ಊರಿನಿಂದ ನನ್ನ ತಂಗಿ ನನಗೆ ಕಳಿಸಿದ್ದು. ಅಮ್ಮನಿಗೆ ಓದು ಬರೋಲ್ಲ, ಆದರೆ ತಂಗಿ ದಿನಾ ಇದನ್ನು ತೋರಿಸಿ ಅವಳಿಗೆ ಪಾಠ ಹೇಳಿಸುತ್ತಾಳಂತೆ.’

ಇದರಲ್ಲಿದ್ದ ವಿಷಯ ನನಗೆ ಆಗ ಹೊಳೆಯಲಿಲ್ಲ. ಗಲ್ಫಿನಲ್ಲಿ ದುಡಿಯುವ ಪಾಕಿಸ್ತಾನಿಗೆ ಇಲ್ಲಿಂದ ಓಟು ಹಾಕುವ ದಾರಿಯಿಲ್ಲ, ಆದರೆ ಮನೆಗೆ ದುಡ್ಡು ಕಳಿಸುವವನ ಮಾತಿಗೆ ತೂಕ. ಹಿಂದಿನ ಎರಡು ಚುನಾವಣೆಯಲ್ಲೂ ಇವನೇ ಫೋನು ಮಾಡಿ ಮನೆಯ ಓಟು ಯಾರಿಗೆ ಅಂತ ಹೇಳುತ್ತಿದ್ದ. ಈ ಸಲ ಮನೆಯ ಹೆಣ್ಣುಮಗಳು ಅವನಿಗೆ ಹೇಳುತ್ತಿದ್ದಾಳೆ. ಮತದಾರರಲ್ಲಿ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಮಂದಿ 35ರ ಒಳಗಿನವರು ಅಂತ ಲೆಜರಿನ ಮೊದಲ ಪುಟದಲ್ಲಿ ನಾನೇ ಬರೆದಿದ್ದೆ. ಅದಕ್ಕೊಂದು ಕಾಲಂ ಮಾಡಬೇಕು ಅಂತ ಮಾತ್ರ ಅನ್ನಿಸಲಿಲ್ಲ. ಚಲನ್‌ಗೆ ಸಹಿ ಹಾಕಿ ಕಳಿಸಿದೆ.

ಕೊನೆಯ ಮೊತ್ತ ಹೀಗಿತ್ತು: ನವಾಜ್ ಪಕ್ಷ 112, ಪೀಪಲ್ಸ್ ಪಾರ್ಟಿ 52, ಇಮ್ರಾನ್ ಬೆಂಬಲದ ಪಕ್ಷೇತರರು 48, ಕರಾಚಿಯ ಪಕ್ಷ ಎಂಕ್ಯೂಎಂ 12. ಪ್ರಧಾನಿ: ಶಹಬಾಜ್ ಷರೀಫ್. ಅಣ್ಣ ಬಂದಿದ್ದರೂ ಕುರ್ಚಿ ತಮ್ಮನಿಗೇ ಅಂತ ನನ್ನ ಅಂದಾಜು, ಯಾಕಂದರೆ ಭುಜದ ಪಟ್ಟಿಯವರ ಜೊತೆ ಹೊಂದಿಕೊಂಡು ಹೋಗುವ ಗುಣ ತಮ್ಮನದು.

ಫೆಬ್ರವರಿ 8, ಗುರುವಾರ. ಬೆಳಗ್ಗೆಯೇ ಪಾಕಿಸ್ತಾನದಾದ್ಯಂತ ಮೊಬೈಲ್ ಸೇವೆ ನಿಲ್ಲಿಸಿದರು, ಭದ್ರತೆಯ ಕಾರಣ ಹೇಳಿ. ಗೋದಾಮಿನಲ್ಲಿ ಎಲ್ಲರ ಕೈಯಲ್ಲೂ ಫೋನು, ಯಾರಿಗೂ ಮನೆಯ ಸುದ್ದಿಯಿಲ್ಲ. ಅಲ್ಲಿ ಸಂಜೆ 5ಕ್ಕೆ ಮತದಾನ ಮುಗಿದಾಗ ಇಲ್ಲಿ 4. ರಾತ್ರಿ ಸ್ಟೋರ್‌ಕೀಪರನ ಕೋಣೆಯಲ್ಲಿ ಟಿವಿ ಮುಂದೆ ಏಳೆಂಟು ಜನ ಕೂತೆವು. ಮೊದಲ ಸುತ್ತಿನಲ್ಲೇ ಪಕ್ಷೇತರ, ಪಕ್ಷೇತರ, ಪಕ್ಷೇತರ. ನಾನು ಕೆಂಪು ಶಾಯಿಯಲ್ಲಿ ಮುಳುಗಿಸಿದ್ದ ಸಾಲುಗಳಲ್ಲೂ ಬದನೆಕಾಯಿ ಮುಂದೆ. ಒಂಬತ್ತೂವರೆ ಹತ್ತರ ಹೊತ್ತಿಗೆ ಫೋರ್ಮನ್ ನನ್ನ ಕಡೆ ನೋಡುವುದನ್ನೇ ಬಿಟ್ಟ, ಪಾಪ ಅನ್ನಿಸಿರಬೇಕು.

ಆಮೇಲೆ ಟಿವಿಯಲ್ಲಿ ಅಂಕಿ ಬರುವುದು ನಿಂತಿತು. ಗಂಟೆಗಟ್ಟಲೆ ಅದೇ ಹಳೇ ಸಂಖ್ಯೆ. ಬೆಳಗ್ಗೆ ಮತ್ತೆ ಬರತೊಡಗಿದಾಗ ಕೆಲವು ಕಡೆ ಮುಂದಿದ್ದವರು ಹಿಂದೆ ಬಿದ್ದಿದ್ದರು. ಅಂದಿನಿಂದ ಎಲ್ಲರ ಬಾಯಲ್ಲಿ ಎರಡೇ ಸಂಖ್ಯೆ, 45 ಮತ್ತು 47. ಫಾರ್ಮ್ 45 ಅಂದರೆ ಒಂದು ಮತಗಟ್ಟೆಯ ಎಣಿಕೆ, ಏಜೆಂಟರ ಕೈಗೂ ಪ್ರತಿ ಕೊಡುತ್ತಾರೆ. ಫಾರ್ಮ್ 47 ಅಂದರೆ ಇವನ್ನೆಲ್ಲ ಕೂಡಿಸಿ ಚುನಾವಣಾಧಿಕಾರಿ ಕೊಡುವ ಕ್ಷೇತ್ರದ ತಾತ್ಕಾಲಿಕ ಮೊತ್ತ. ನಮ್ಮ ಕೈಯಲ್ಲಿರುವ 45ಗಳನ್ನು ಕೂಡಿದರೆ 47 ಬರುವುದಿಲ್ಲ ಅಂತ ಇಮ್ರಾನ್ ಪಕ್ಷದ ಆರೋಪ, ಎಲ್ಲ ಸರಿಯಿದೆ ಅಂತ ಆಯೋಗದ ಉತ್ತರ. ಲೆಕ್ಕಪತ್ರದವನಿಗೆ ಇದು ಅರ್ಥವಾಗುವ ಭಾಷೆ: ವೋಚರಿಗೂ ಲೆಜರಿಗೂ ತಾಳೆಯಿಲ್ಲ ಎನ್ನುವ ದೂರು. ಕರಾಚಿಯಲ್ಲಿ ಜಮಾತೆ ಇಸ್ಲಾಮಿ ಪಕ್ಷದ ಹಾಫಿಜ್ ನಯೀಮುರ್ ರಹಮಾನ್, ತಾನು ಗೆದ್ದೆ ಅಂತ ಘೋಷಿಸಿದ ಪ್ರಾಂತೀಯ ಸೀಟನ್ನು, ಇದು ನನ್ನದಲ್ಲ, ನಿಜಕ್ಕೂ ಗೆದ್ದವನು ಬೇರೆ ಅಂತ ಬಿಟ್ಟುಕೊಟ್ಟರು. ಸ್ಟೋರ್‌ಕೀಪರ್ ಆ ಸುದ್ದಿಯನ್ನು ಮೂರು ಸಲ ಓದಿಸಿದ.

ಗುಜರಾತಿನ ಸಾಲೂ ನೆನಪಿದೆ. ಚೌಧರಿ ಮನೆತನ ಒಡೆದು, ಎನ್‌ಎ-64ರಲ್ಲಿ (ರಾಷ್ಟ್ರೀಯ ಸಭೆಯ 64ನೇ ಕ್ಷೇತ್ರ) ಮಾಜಿ ಪ್ರಧಾನಿ ಶುಜಾತ್ ಹುಸೇನರ ಮಗ ಸಾಲಿಕ್ ವಿರುದ್ಧ ನಿಂತದ್ದು ಆತನ ಸೋದರತ್ತೆ ಕೈಸರಾ ಇಲಾಹಿ. ಘೋಷಣೆಯಾದದ್ದು ಸೋದರಳಿಯನ ಹೆಸರು, ಅತ್ತೆ ಒಪ್ಪಲಿಲ್ಲ. ನಾನು ಸಾಲಿಕ್ ಅಂತ ಬರೆದಿದ್ದೆ. ‘ಸರಿ ಅಂತ ಟಿಕ್ ಹಾಕಲಾ?’ ಅಂದಾಗ ಫೋರ್ಮನ್ ‘ಪೆನ್ಸಿಲಿನಲ್ಲಿ ಹಾಕು’ ಅಂದ.

ಪಟ್ಟಿ ಮುಗಿದಾಗ ಇಮ್ರಾನ್ ಬೆಂಬಲಿಗರು 93ರ ಆಸುಪಾಸು, ನವಾಜ್ ಪಕ್ಷ 75, ಪೀಪಲ್ಸ್ ಪಾರ್ಟಿ 54, ಎಂಕ್ಯೂಎಂ 17. ಗ್ರಾಮೀಣ ಸಿಂಧ್ ನಾನು ಹೇಳಿದಂತೆಯೇ ಬಂತು, ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ, ಅದು ಯಾರು ಹೇಳಿದರೂ ಬರುತ್ತದೆ. ಖೈಬರ್ ಪಖ್ತೂನ್‌ಖ್ವಾದಲ್ಲಿ ಪಕ್ಷೇತರರು ಗುಡಿಸಿಹಾಕಿದ್ದರು. ಮಾನಸೆಹ್ರಾದಲ್ಲಿ ನವಾಜ್ ಷರೀಫರೇ ಸೋತಿದ್ದರು. 2018ರಲ್ಲಿ ಗೆದ್ದ ಪಕ್ಷೇತರರನ್ನು ಸ್ವಂತ ವಿಮಾನದಲ್ಲಿ ಇಮ್ರಾನ್ ಹತ್ತಿರ ಕರೆತಂದಿದ್ದ ಜಹಾಂಗೀರ್ ತರೀನ್, ಹೊಸ ಪಕ್ಷ ಕಟ್ಟಿ ಸೋತು ರಾಜಕೀಯವನ್ನೇ ಬಿಟ್ಟರು. ಇಲೆಕ್ಟೆಬಲ್ ಎಂಬ ನನ್ನ ಕಾಲಂ ಅವರ ಹೆಸರಿನ ಮುಂದೆಯೇ ಕುಸಿಯಿತು.

ವಿಚಿತ್ರವೆಂದರೆ ಮತದಾನ ಪ್ರಮಾಣದಲ್ಲಿ ನಾನು ಹೆಚ್ಚು ತಪ್ಪಿರಲಿಲ್ಲ. 46 ಅಂದಿದ್ದೆ, 48ರ ಹತ್ತಿರ ಬಂತು. ಮನೆಯಲ್ಲಿ ಕೂತವರು ಯಾರು ಎಂಬುದರಲ್ಲಿ ಪೂರಾ ತಪ್ಪಿದ್ದೆ. ಜೈಲಿಗೆ ಹಾಕಿದರೆ ಬೇಸತ್ತು ಕೂರುತ್ತಾರೆ ಅಂದುಕೊಂಡವರು ಸಾಲು ನಿಂತರು, ಹೇಗೂ ನಮ್ಮವರೇ ಬರುತ್ತಾರೆ ಅಂದುಕೊಂಡವರಲ್ಲಿ ಬಹಳ ಮಂದಿ ಹೊರಬಿದ್ದಂತೆ ಕಾಣಲಿಲ್ಲ.

ಮಾರ್ಚ್ 3ಕ್ಕೆ ಶಹಬಾಜ್ ಷರೀಫ್ 201 ಓಟು ಪಡೆದು ಪ್ರಧಾನಿಯಾದರು. ಅಂದರೆ ಸೀಟಿನ ಲೆಕ್ಕವೆಲ್ಲ ಹಾಳಾಗಿ ಉತ್ತರ ಮಾತ್ರ ಸರಿ! ನಮ್ಮ ಕರ್ನಾಟಕದಲ್ಲೂ 2018ರಲ್ಲಿ 37 ಸೀಟಿನವರು ಮುಖ್ಯಮಂತ್ರಿಯಾದದ್ದು ಕಂಡವನಿಗೆ ಅಂಕಿಯೂ ಕುರ್ಚಿಯೂ ಬೇರೆ ಬೇರೆ ಅಂತ ಮೊದಲೇ ಗೊತ್ತಿರಬೇಕಿತ್ತು. ಈಗ ನಾನು ಮೂರು ಲೆಕ್ಕ ಬೇರೆ ಬೇರೆ ಇಡುತ್ತೇನೆ. ಜನ ಯಾರಿಗೆ ಹಾಕುತ್ತಾರೆ ಎಂಬುದೊಂದು. ಘೋಷಣೆ ಯಾರದ್ದಾಗುತ್ತದೆ ಎಂಬುದೊಂದು. ಸದನ ಕೂಡಿದಾಗ ಯಾರ ಕಡೆ ಬಹುಮತದ 169 ತಲೆ ಎಂಬುದು ಮೂರನೆಯದು. ಈ ಮೂರನೆಯದಕ್ಕೆ ಮಹಿಳೆಯರ 60, ಅಲ್ಪಸಂಖ್ಯಾತರ 10 ಮೀಸಲು ಸ್ಥಾನ ಸೇರುತ್ತವೆ, ಪಕ್ಷಗಳು ಗೆದ್ದ ಸೀಟಿನ ಪ್ರಮಾಣದಲ್ಲಿ. ಪಕ್ಷೇತರರಿಗೆ ಅದರಲ್ಲಿ ಪಾಲಿಲ್ಲ. ಅವರು ಸುನ್ನಿ ಇತ್ತೆಹಾದ್ ಕೌನ್ಸಿಲ್ ಎಂಬ ಸಣ್ಣ ಪಕ್ಷ ಸೇರಿದರೂ ಸಿಗಲಿಲ್ಲ. 2024ರ ಜುಲೈ 12ಕ್ಕೆ ಸುಪ್ರೀಂ ಕೋರ್ಟು ಇಮ್ರಾನ್ ಪಕ್ಷಕ್ಕೆ ಕೊಡಿ ಅಂದಿತು, 2025ರ ಜೂನ್ 27ಕ್ಕೆ ಆ ತೀರ್ಪನ್ನೇ ತಿರುಗಿಸಿತು. ಚುನಾವಣೆ ಮುಗಿದು ಹದಿನಾರು ತಿಂಗಳಾದ ಮೇಲೂ ನಾನು ಲೆಜರಿನ ಕೊನೆಯ ಪುಟ ತಿದ್ದುತ್ತಿದ್ದೆ.

ಬಿರಿಯಾನಿ ಬಾಜಿಯದ್ದು ದೊಡ್ಡ ಜಗಳವಾಯಿತು. ಸೀಟು ಡ್ರೈವರ್ ಗೆದ್ದ, ಪ್ರಧಾನಿ ನಾನು ಗೆದ್ದೆ. ಎರಡೂ ತಪ್ಪು ಹೇಳಿದ್ದ ಸ್ಟೋರ್‌ಕೀಪರ್ ದುಡ್ಡು ಕೊಡಬೇಕು ಅಂತ ತೀರ್ಮಾನವಾಯಿತು. ಅವನು ಕರಾಚಿಯವನು, ಇದೂ ಫಾರ್ಮ್ 47ರ ತೀರ್ಪೇ ಅಂತ ಗೊಣಗುತ್ತಾ ನಾಲ್ಕು ಪ್ಲೇಟು ತರಿಸಿದ.

ಈ ರಾಷ್ಟ್ರೀಯ ಸಭೆಯ ಅವಧಿ 2029ರ ಫೆಬ್ರವರಿವರೆಗೆ. ಹೊಸ ಲೆಜರು ತಂದಿಟ್ಟಿದ್ದೇನೆ. ಕ್ಷೇತ್ರಗಳ ನಂಬರು ಮತ್ತೆ ಸರಿಯಬಹುದು ಅಂತ ಆ ಕಾಲಂ ಪೆನ್ಸಿಲಿನಲ್ಲಿದೆ. ಗೆದ್ದವನ ಕಾಲಂ ಕೂಡ. ಸ್ವಾತ್‌ನ ಡ್ರೈವರ್ ಕಳೆದ ವರ್ಷ ಕೆಲಸ ಬಿಟ್ಟು ಊರಿಗೆ ಹೋದ, ಆದರೆ ಅವನ ನಂಬರು ಲೆಜರಿನ ಒಳರಟ್ಟಿನ ಮೇಲಿದೆ. ಅದರ ಕೆಳಗೆ ಅವನೇ ಬರೆಸಿದ ಇನ್ನೊಂದು ನಂಬರಿದೆ, ಅವನ ತಂಗಿಯ ಗಂಡನದು. ಅವಳನ್ನು ಕೇಳಿ ಹೇಳು ಅಂದರೆ ಹೇಳುತ್ತಾನಂತೆ.